ಹಬ್ಬ ದೂರ, ಕಂತು ಹತ್ತಿರ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮನೆಗೆ ತಿಂಗಳ ಒಂದನೇ ತಾರೀಖು ಸಂಬಳ ಬರುವುದಿಲ್ಲ. ಹುಳು ಹಣ್ಣಾಗಬೇಕು, ಚಂದ್ರಿಕೆ ಏರಬೇಕು, ಗೂಡು ಹರಾಜಾಗಬೇಕು. ಆಮೇಲೆ ಕೈಗೆ ಕಾಸು. ಅದು ಹಬ್ಬದ ಹೊತ್ತಿಗೇ ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಇಲ್ಲಿ ಮುಂಚಿತವಾಗಿ ಕೊಳ್ಳುವುದು ಶೋಕಿಯಲ್ಲ. ಚಿಂತಾಮಣಿ ಕಡೆ ಹೊಸ ಹುಣಸೆಹಣ್ಣು ಬಂದಾಗಲೇ ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬಿಟ್ಟರೆ ವರ್ಷವಿಡೀ ಚಿಂತೆಯಿಲ್ಲ.

ಎಣ್ಣೆ, ಬೇಳೆ, ಬೆಲ್ಲಕ್ಕೆ ಹಬ್ಬದ ಚೀಟಿ ಇದೆಯಲ್ಲ ಎನ್ನುತ್ತೀರಿ. ತಿಂಗಳಿಗೆ 200 ರೂಪಾಯಿಯಾದರೆ ವರ್ಷಕ್ಕೆ 2,400. ಮಕ್ಕಳೇ, ಸಾಮಾನು ಮನೆಗೆ ಬಂದ ದಿನ ಅಂಗಡಿ ದರದಲ್ಲಿ ಒಂದೊಂದನ್ನೂ ಕೂಡಿ ನೋಡಿ. ಜೊತೆಗೆ ‘ಉಡುಗೊರೆ’ಯಾಗಿ ಬರುವ ಸ್ಟೀಲ್ ಪಾತ್ರೆ ನಿಮ್ಮ ಅಮ್ಮನ ದುಡ್ಡಿನ ಬಡ್ಡಿಯೇ!

ಅದಾದರೂ ಬಂದರೆ ಪುಣ್ಯ. ಚೀಟಿಯವನು ಹಬ್ಬದ ಹಿಂದಿನ ವಾರ ಊರು ಬಿಟ್ಟರೆ? ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯಿದೆ 2019ರಲ್ಲೇ ಬಂದಿದೆ. ಆದರೆ ಮುಖಪರಿಚಯದ ಮೇಲೆ ದುಡ್ಡು ಕೊಟ್ಟು, ರಸೀದಿಯನ್ನೂ ಪಡೆಯದವರು ದೂರಿಗೆ ಏನು ಲಗತ್ತಿಸಬೇಕು? ಅದೇ 200 ರೂಪಾಯಿಯನ್ನು ಬ್ಯಾಂಕಿನ ಆರ್.ಡಿ.ಗೆ ಕಟ್ಟಿದರೆ ಬಡ್ಡಿ ಲೆಕ್ಕದಲ್ಲಿ ಕಾಣುತ್ತದೆ. ಹಬ್ಬದ ವಾರ ಬೇಕಾದ ಅಂಗಡಿಗೆ ಹೋಗಬಹುದು.

ಮಕ್ಕಳ ಹೊಸ ಬಟ್ಟೆಯನ್ನು ಮಾತ್ರ ಆರು ತಿಂಗಳು ಮೊದಲೇ ತರಬೇಡಿ. ಹಬ್ಬದ ದಿನ ತೋಳು ಗಿಡ್ಡವಾಗಿರುತ್ತದೆ.