ಕಪಿಲೆಯ ತೊಗಲು, ಬೀರುವಿನ ಜರ್ಕಿನ್

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಕಡೆಗೆ ಹೋಗುವವರಿಗೆ ದೊಡ್ಡಬೆಳವಂಗಲ ದಾರಿಯಲ್ಲೇ ಸಿಗುತ್ತದೆ. ಇಲ್ಲಿಗೂ ಬಯಲುಸೀಮೆಯ ಉಳಿದ ಊರುಗಳಿಗೂ ಪಂಪ್‌ಸೆಟ್ಟುಗಳು ಬರುವ ಮೊದಲು ತೋಟದ ಬಾವಿಯ ನೀರನ್ನು ಮೇಲೆತ್ತುತ್ತಿದ್ದುದು ಕಪಿಲೆ. ಇಳಿಜಾರಿನಲ್ಲಿ ಜೋಡಿ ಎತ್ತು ಹಗ್ಗ ಜಗ್ಗಿಕೊಂಡು ಇಳಿದರೆ ಬಾವಿಯೊಳಗಿಂದ ತೊಗಲಿನ ದೊಡ್ಡ ಚೀಲ ಮೇಲೇರಿ, ಆನೆಯ ಸೊಂಡಿಲಿನಂಥ ಬಾಯಿಯಿಂದ ಕಾಲುವೆಗೆ ನೀರು ಸುರಿಯುತ್ತಿತ್ತು. ದಿನವೆಲ್ಲ ನೀರಿನಲ್ಲಿ ಮುಳುಗೇಳುವುದು, ಕೆಲಸ ಮುಗಿದ ಮೇಲೆ ಬಿಸಿಲಿನಲ್ಲಿ ಒಣಗುವುದು. ತೊಗಲಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹೊಂಗೆಣ್ಣೆಯೋ ಹರಳೆಣ್ಣೆಯೋ ಉಜ್ಜದೆ ಬಿಟ್ಟರೆ ಅದು ಬೆಂಡಾಗಿ ಸೀಳುತ್ತದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಕಪಿಲೆಯೂ ಇಲ್ಲ, ಬಹುಪಾಲು ಬಾವಿಗಳಲ್ಲಿ ನೀರೂ ಇಲ್ಲ. ಈ ತಾಲ್ಲೂಕಿನ ರಸ್ತೆಗಳಲ್ಲಿ ಇಂದು ಕಾಣುವ ತೊಗಲೆಂದರೆ ಭಾನುವಾರ ಬೆಳಗಿನ ಜಾವ ಘಾಟಿಯ ಕಡೆಗೋ ನಂದಿಯ ಕಡೆಗೋ ಹೊರಟ ಬೈಕು ಸವಾರರ ಲೆದರ್ ಜರ್ಕಿನ್ನುಗಳು. ಅವುಗಳಲ್ಲಿ ಕೆಲವು ಹೊಸತಲ್ಲ. ತಂದೆಯದ್ದೋ ಸೋದರಮಾವನದ್ದೋ ಆಗಿ, ಬೀರುವಿನಲ್ಲಿ ಮೂವತ್ತು ನಲವತ್ತು ವರ್ಷ ಕಳೆದು ಬಂದವು. ಇಂಥ ಹಳೆಯ ಜರ್ಕಿನ್ನನ್ನು ಕಾಪಾಡುವುದು ಹೇಗೆ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಎಣ್ಣೆ ಹಚ್ಚಿ. ಕಪಿಲೆಯ ಚೀಲಕ್ಕೆ ಸರಿಯಾಗಿದ್ದ ಈ ಮಾತು ಜರ್ಕಿನ್ನಿನ ಮಟ್ಟಿಗೆ ಬಹಳ ಸಲ ಸುಳ್ಳು. ಕಾರಣ ತಿಳಿಯಬೇಕಾದರೆ ತೊಗಲು ಹದವಾಗುವ ಬಗೆಯನ್ನು ಸ್ವಲ್ಪ ನೋಡಬೇಕು.

ಹಸಿ ತೊಗಲೆಂದರೆ ಪ್ರೋಟೀನಿನ ಸಣ್ಣ ಎಳೆಗಳ ದಟ್ಟ ಹೆಣಿಗೆ. ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಹದ ಮಾಡುವುದೆಂದರೆ ಆ ಎಳೆಗಳನ್ನು ಕೊಳೆಯದಂತೆ ಕಟ್ಟಿ, ಅವು ಒಂದಕ್ಕೊಂದು ಅಂಟದಂತೆ ನಡುವೆ ಅಷ್ಟಿಷ್ಟು ಜಿಡ್ಡು ಸೇರಿಸುವುದು. ನಮ್ಮಲ್ಲಿ ಇದಕ್ಕೆ ಒದಗಿದ್ದು ತಂಗಡಿ. ಹಳದಿ ಹೂವು ಬಿಟ್ಟು ಬೀಳುನೆಲದಲ್ಲೆಲ್ಲ ತಾನಾಗಿ ಬೆಳೆಯುವ ಈ ಗಿಡದ ತೊಗಟೆಯಲ್ಲಿ ಹದ ಮಾಡುವ ಒಗರು ಯಥೇಚ್ಛವಾಗಿದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನ ಸುತ್ತ ಮಾದಿಗರು ಸುಣ್ಣ ಮತ್ತು ತಂಗಡಿ ತೊಗಟೆಯಿಂದ ತೊಗಲು ಹದಗೊಳಿಸುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಅವರು ಮಾಡಿಕೊಟ್ಟ ಕಪಿಲೆಯ ನೀರಿನಿಂದ ತೋಟ ಬೆಳೆಸಿದ ಊರು, ಅವರನ್ನು ಮಾತ್ರ ಊರಾಚೆಯೇ ಇರಿಸಿತು. ತೊಗಲಿನ ಬಗ್ಗೆ ಬರೆಯುವಾಗ ಈ ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ.

ತಂಗಡಿಯ ತೊಗಲು ಹಡಗು ಹತ್ತಿ ಇಂಗ್ಲೆಂಡಿಗೂ ಹೋಯಿತು. ಅಲ್ಲಿ ಅದರಿಂದ ಪುಸ್ತಕಗಳಿಗೆ ರಟ್ಟು ಹಾಕಿದರು. ಕೆಲವೇ ವರ್ಷಗಳಲ್ಲಿ ರಟ್ಟುಗಳು ಇಟ್ಟಿಗೆ ಪುಡಿಯಂತೆ ಉದುರತೊಡಗಿದವು. ಲಂಡನ್ನಿನ ಕಲಾ ಸಂಘವೊಂದು 1900ರಲ್ಲಿ ಸಮಿತಿ ಕೂರಿಸಿ ವಿಚಾರಣೆ ಮಾಡಿದಾಗ, ಭಾರತದಿಂದ ಬರುವ ಹದದ ತೊಗಲು ಪುಸ್ತಕಕ್ಕೆ ತಕ್ಕುದಲ್ಲವೆಂದು ತೀರ್ಮಾನವಾಯಿತು. ಗ್ಯಾಸ್ ದೀಪ ಮತ್ತು ಕಲ್ಲಿದ್ದಲ ಹೊಗೆಯ ಗಂಧಕ ತೊಗಲಿನೊಳಗೆ ಆಮ್ಲವಾಗಿ, ಎಳೆಗಳನ್ನೇ ತಿಂದುಹಾಕುತ್ತಿತ್ತು. ತಂಗಡಿಯಂಥ ಒಗರಿನ ತೊಗಲಿಗೆ ಈ ರೋಗ ಬೇಗ ಹಿಡಿಯುತ್ತದೆ. ಬಾವಿಯಲ್ಲಿ ಗಟ್ಟಿಯಾಗಿ ದುಡಿದ ತೊಗಲು ಗ್ರಂಥಾಲಯದಲ್ಲಿ ಸೋತಿತು!

ಬಾವಿಯಲ್ಲಿಯೂ ಅದಕ್ಕೊಂದು ಎದುರಾಳಿ ಬಂತು. ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನ ಅಮೆರಿಕದಲ್ಲಿ 1884ರಲ್ಲಿ ಪೇಟೆಂಟ್ ಪಡೆದಿತ್ತು. ಮದರಾಸಿನಲ್ಲಿದ್ದ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ 1903ರ ಹೊತ್ತಿಗೆ ಅದನ್ನು ಅಲ್ಲಿನ ಕಲಾಶಾಲೆಯಲ್ಲಿ ಪ್ರಯೋಗಕ್ಕೆ ತಂದ. ಅವನ ಕಣ್ಣಿದ್ದದ್ದು ಬೂಟು ಕೋಟುಗಳಿಗಿಂತ ಹೆಚ್ಚಾಗಿ ನೀರೆತ್ತುವ ತೊಗಲಿನ ಚೀಲದ ಮೇಲೆ. ನೀರಿನಲ್ಲಿ ನೆನೆದರೂ ಕೊಳೆಯದ ತೊಗಲು ರೈತನಿಗೆ ಸಿಗಲಿ ಎಂಬುದು ಉದ್ದೇಶ. ಮುಂದೆ 1912ರಲ್ಲಿ ಇದೇ ಚಾಟರ್ಟನ್ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬೆಂಗಳೂರಿಗೆ ಬಂದ. ಇಂದಿನ ಜರ್ಕಿನ್ನುಗಳಲ್ಲಿ ಬಹುಪಾಲು ಕ್ರೋಮ್ ತೊಗಲಿನವೇ. ಹಾಗಾಗಿ ಬೈಕು ಸವಾರನ ಜರ್ಕಿನ್ನಿಗೂ ಕಪಿಲೆಗೂ ನೆಂಟಸ್ತಿಕೆ ಇಲ್ಲದಿಲ್ಲ.

ಹಳೆಯ ಜರ್ಕಿನ್ ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು ಅದು ಯಾವ ತೊಗಲು ಎಂದು. ಎಷ್ಟೋ ಸಲ ಅದು ತೊಗಲೇ ಆಗಿರುವುದಿಲ್ಲ. ಮೇಲ್ಪದರ ಬಣ್ಣದ ಹಾಳೆಯಂತೆ ಸುಲಿದು, ಒಳಗಿನಿಂದ ನೇಯ್ದ ಬಟ್ಟೆ ಇಣುಕಿದರೆ ಅದು ರೆಕ್ಸಿನ್ ಜಾತಿ. ಅದನ್ನು ಉಳಿಸುವ ಔಷಧವಿಲ್ಲ. ನಿಜವಾದ ತೊಗಲಾದರೆ ಒಳಮಡಿಕೆಯಲ್ಲಿ ಕತ್ತರಿಸಿದ ಅಂಚನ್ನು ನೋಡಿ. ಬಣ್ಣ ಒಳಗಿನವರೆಗೂ ಇಳಿದಿರದಿದ್ದರೆ, ಕ್ರೋಮ್ ತೊಗಲಿನ ಒಡಲು ಸಾಮಾನ್ಯವಾಗಿ ನೀಲಿ ಬೆರೆತ ಬೂದು, ತೊಗಟೆಯಲ್ಲಿ ಹದವಾದದ್ದು ಕಂದು. ಬೆರಳಿಂದ ಉಜ್ಜಿದಾಗ ಕೆಂಪು ಪುಡಿ ಅಂಟಿದರೆ ಲಂಡನ್ನಿನ ಪುಸ್ತಕಗಳಿಗೆ ಬಂದ ರೋಗವೇ ಇದಕ್ಕೂ ಬಂದಿದೆ. ಅದಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ. ನೀರು ಬಿದ್ದ ಜಾಗ ಕಪ್ಪಾಗಿ ಗಡುಸಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿಡುವುದೊಂದೇ ದಾರಿ. ತೊಡುವ ಆಸೆ ಬಿಡಬೇಕು.

ಇನ್ನು ಎಣ್ಣೆಯ ವಿಚಾರ. ಕಪಿಲೆಯ ಚೀಲದಲ್ಲಿ ನೀರು ದಿನವೂ ಜಿಡ್ಡನ್ನು ತೊಳೆದುಕೊಂಡು ಹೋಗುತ್ತಿತ್ತು, ರೈತ ಮತ್ತೆ ತುಂಬುತ್ತಿದ್ದ. ಬೀರುವಿನಲ್ಲಿ ಸುಮ್ಮನೆ ತೂಗುವ ಜರ್ಕಿನ್ನಿಗೆ ಹಾಕಿದ ಎಣ್ಣೆ ಎಲ್ಲಿಗೆ ಹೋಗಬೇಕು? ಅಲ್ಲೇ ಉಳಿದು, ಹಳತಾಗಿ ಅಂಟಂಟಾಗುತ್ತದೆ, ದೂಳು ಹಿಡಿಯುತ್ತದೆ, ಬೂಷ್ಟಿಗೆ ಊಟವಾಗುತ್ತದೆ, ಹೊಲಿಗೆಯ ದಾರವನ್ನೂ ಕೆಡಿಸುತ್ತದೆ. ಒಂದು ಕಾಲದಲ್ಲಿ ಬ್ರಿಟಿಷ್ ಮ್ಯೂಸಿಯಂ ಹೆಸರಿನಲ್ಲೇ ತೊಗಲಿಗೆ ಹಚ್ಚುವ ಜಿಡ್ಡಿನ ಮುಲಾಮು ಇತ್ತು. ವಸ್ತುಸಂಗ್ರಹಾಲಯಗಳವರು ಈಗ ಅಂಥದ್ದರಿಂದ ದೂರ. ನಮ್ಮ ಮನೆಗಳ ಸರ್ವೌಷಧವಾದ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ವಸ್ತು. ಧನುರ್ಮಾಸದ ಚಳಿಗೆ ಜರ್ಕಿನ್ನಿನ ಮೇಲೆಲ್ಲ ಬಿಳಿಯ ಹೊಟ್ಟಿನಂತೆ ಎದ್ದು ನಿಲ್ಲುತ್ತದೆ.

ಈ ಬಿಳುಪನ್ನು ಬೂಷ್ಟೆಂದು ತಿಳಿದು ಗಾಬರಿಯಾಗುವವರಿದ್ದಾರೆ. ಬೆಚ್ಚಗಿನ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಾಗ ಕರಗಿದರೆ ಅದು ಜಿಡ್ಡು. ಒಣಬಟ್ಟೆಯಿಂದ ಒರೆಸಿದರೆ ಸಾಕು. ಕರಗದೆ ಮುಗ್ಗಲು ವಾಸನೆ ಬಂದರೆ ಬೂಷ್ಟು. ಅದಕ್ಕೆ ಜರ್ಕಿನ್ನನ್ನು ಹೊರಗೆ ಗಾಳಿಯಾಡುವ ನೆರಳಿಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೃದುವಾದ ಬ್ರಷ್ಷಿನಿಂದ ಉದುರಿಸಬೇಕು. ನೆರಳು ಎಂದದ್ದು ಗಮನದಲ್ಲಿರಲಿ. ಬಿಸಿಲು ಬಣ್ಣವನ್ನು ಹೀರುತ್ತದೆ. ಒದ್ದೆ ತೊಗಲಿಗೆ ಬಿಸಿಲೋ ಇಸ್ತ್ರಿಪೆಟ್ಟಿಗೆಯೋ ತಗುಲಿದರೆ ಅದು ಮುದುಡಿಕೊಂಡೇ ಬಿಡುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಡುವುದು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಹಳೆಯ ಹತ್ತಿ ದಿಂಬಿನ ಚೀಲ ಒಳ್ಳೆಯ ಹೊದಿಕೆ. ಹ್ಯಾಂಗರಿನ ಭುಜ ಅಗಲವಾಗಿರಬೇಕು, ತಂತಿಯದ್ದು ಭುಜದ ತೊಗಲನ್ನು ಕೊರೆಯುತ್ತದೆ. ತೊಡುವ ಜರ್ಕಿನ್ ಬಿರುಸಾಗಿದ್ದರೆ ತೊಗಲಿಗೆಂದೇ ಮಾಡಿದ ಕ್ರೀಮನ್ನು ಕಾಣದ ಕಡೆ ಪರೀಕ್ಷಿಸಿ, ಬಟ್ಟೆಯ ತುದಿಯಲ್ಲಿ ತೆಳ್ಳಗೆ ಸವರಿ. ಎಷ್ಟು ಬೇಕೆಂದು ತೋರುತ್ತದೋ ಅದರ ಕಾಲುಭಾಗ.

ಹಿತ್ತಾಳೆಯ ಜಿಪ್ಪು, ಗುಂಡಿಗಳ ಸುತ್ತ ಹಸಿರು ಮೇಣದಂತೆ ಕೂಡುವ ಕಿಲುಬು ಕೂಡ ಜಿಡ್ಡಿನ ಕೆಲಸವೇ. ಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದು ತೆಗೆಯಬಹುದು. ಬಿಗಿದ ಜಿಪ್ಪಿಗೆ ಮೇಣದ ಬತ್ತಿ ತಿಕ್ಕಿದರೆ ಸಲೀಸು.

ರಿಪೇರಿಯಲ್ಲಿ ಬಹಳ ಜನ ಕೆಡಿಸುವುದು ಎರಡು ಕಡೆ. ಒಂದು, ಗುರುತುಗಳನ್ನು ಕಿತ್ತುಹಾಕುವುದು. 1943ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ವಶದಲ್ಲಿದ್ದು, ಅವರ ವಿಮಾನಗಳು ಇಲ್ಲಿ ದುರಸ್ತಿಯಾಗುತ್ತಿದ್ದವು. ಆ ಯುದ್ಧಕಾಲದ ವೈಮಾನಿಕರು ತೊಡುತ್ತಿದ್ದ ಕುದುರೆ ತೊಗಲಿನ ಜರ್ಕಿನ್ನುಗಳ ಮೇಲೆ ಭಾರತದ ದರ್ಜಿಗಳೇ ಹೊಲಿದ ತೊಗಲಿನ ಲಾಂಛನಗಳಿರುವುದುಂಟು. ಅಂಥ ಒಂದು ತೇಪೆಯನ್ನು ‘ಚೊಕ್ಕ’ ಮಾಡುವ ಹುರುಪಿನಲ್ಲಿ ಬಿಚ್ಚಿದರೆ ಜರ್ಕಿನ್ನಿನ ಚರಿತ್ರೆಯೇ ಹೋಯಿತು. ಎರಡನೆಯದು ಹೊಲಿಗೆ. ತೊಗಲಿನಲ್ಲಿ ಬಿದ್ದ ತೂತು ಬಟ್ಟೆಯಂತೆ ಮುಚ್ಚಿಕೊಳ್ಳುವುದಿಲ್ಲ. ಮಷೀನಿನಲ್ಲಿ ಹೊಸ ಸಾಲು ಹೊಲಿದರೆ ಅಂಚೆಚೀಟಿಯ ಅಂಚಿನಂತಾಗಿ ಅಲ್ಲೇ ಹರಿಯುತ್ತದೆ. ಅದಕ್ಕೇ ರಸ್ತೆ ಬದಿಯ ಅನುಭವಿ ಚಪ್ಪಲಿ ಹೊಲಿಯುವವರು, ಹಳೆಯ ತೂತುಗಳನ್ನೇ ಹುಡುಕಿ ಕೈಯಿಂದ ದಾರ ಹಾಯಿಸುತ್ತಾರೆ. ಹರಿದ ಕಡೆ ಹಿಂದಿನಿಂದ ತೆಳು ತೊಗಲಿನ ಆಸರೆ ಕೊಡಲು ಅವರಿಗೇ ಹೇಳಿ, ಲೈನಿಂಗ್ ಬಟ್ಟೆ ಬದಲಿಸುವುದನ್ನು ಮಾತ್ರ ದರ್ಜಿಗೆ ಬಿಡಿ.