ಹದಿಹರೆಯದ ತಾಯ್ತನ ಮತ್ತು ಗಳಿಕೆ: ಹೋಲಿಕೆ ಯಾರೊಂದಿಗೆ?

ಹದಿಹರೆಯದಲ್ಲಿ, ಎಂದರೆ ಇಪ್ಪತ್ತು ತುಂಬುವ ಮೊದಲೇ, ತಾಯಿಯಾದ ಅಮೆರಿಕದ ಮಹಿಳೆಯರು ಮುಂದೆ ಉಳಿದವರಿಗಿಂತ ಕಡಿಮೆ ಸಂಪಾದಿಸುತ್ತಾರೆ ಎಂಬುದು ಅಲ್ಲಿ ಬಹುಕಾಲದಿಂದ ತಿಳಿದ ಸಂಗತಿ. ಆದರೆ ಆ ನಷ್ಟಕ್ಕೆ ಮಗು ಕಾರಣವೋ, ಮಗು ಹುಟ್ಟುವ ಮುನ್ನವೇ ಮನೆಯಲ್ಲಿದ್ದ ಬಡತನ ಕಾರಣವೋ ಎಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಬಡ ಕುಟುಂಬಗಳ, ಓದಿನಲ್ಲಿ ಹಿಂದುಳಿದ ಹುಡುಗಿಯರೇ ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ ಹೆರುವುದರಿಂದ, ಅವರನ್ನು ಉಳಿದೆಲ್ಲ ಮಹಿಳೆಯರ ಪಕ್ಕದಲ್ಲಿಟ್ಟು ಅಳೆದರೆ ಎರಡೂ ಕಾರಣಗಳು ಬೆರೆತುಹೋಗುತ್ತವೆ. ಸಂಖ್ಯಾಶಾಸ್ತ್ರಜ್ಞರು ಇದನ್ನು ಆಯ್ಕೆಯ ಪಕ್ಷಪಾತ ಎನ್ನುತ್ತಾರೆ.

1992ರಲ್ಲಿ ಆರ್ಲೀನ್ ಜೆರೋನಿಮಸ್ ಮತ್ತು ಸ್ಯಾಂಡರ್ಸ್ ಕೊರೆನ್‌ಮನ್ ಬೇರೆಬೇರೆ ವಯಸ್ಸಿನಲ್ಲಿ ತಾಯಂದಿರಾದ ಒಂದೇ ಮನೆಯ ಅಕ್ಕತಂಗಿಯರನ್ನು ಹೋಲಿಸಿ, ಈ ಅಂತರವನ್ನು ಹಿಂದಿನವರು ಹಿಗ್ಗಿಸಿ ಕಂಡಿದ್ದರೆಂದು ತೋರಿಸಿದರು. ಜೋಸೆಫ್ ಹಾಟ್ಸ್, ಸೂಸನ್ ಮೆಕೆಲ್ರಾಯ್ ಮತ್ತು ಸೆತ್ ಸ್ಯಾಂಡರ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಜಾಣತನದ್ದು. ಗರ್ಭ ಧರಿಸಿದ ಹುಡುಗಿಯರಲ್ಲಿ ಕೆಲವರಿಗೆ ಗರ್ಭ ತಾನಾಗಿಯೇ ಇಳಿದುಹೋಗುತ್ತದೆ. ಇದು ಬಹುಮಟ್ಟಿಗೆ ಆಕಸ್ಮಿಕವಾದ್ದರಿಂದ, ಹೆತ್ತವರಿಗೂ ಹೀಗೆ ಗರ್ಭಸ್ರಾವವಾದವರಿಗೂ ಹಿನ್ನೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರದು ಎಂಬುದು ಅವರ ತರ್ಕ. ಸಂಶೋಧಕರು ಏರ್ಪಡಿಸದೆ ಬದುಕೇ ಒದಗಿಸುವ ಇಂಥ ಸನ್ನಿವೇಶಕ್ಕೆ ಸ್ವಾಭಾವಿಕ ಪ್ರಯೋಗವೆಂದು ಹೆಸರು. 1979ರಲ್ಲಿ 14ರಿಂದ 22 ವರ್ಷದವರಾಗಿದ್ದ 12,686 ಮಂದಿಯ ಬದುಕನ್ನು ದಾಖಲಿಸುತ್ತ ಬಂದ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿ ಅವರು ಕಂಡದ್ದು ಅನಿರೀಕ್ಷಿತವಾಗಿತ್ತು: ಹದಿನೆಂಟು ತುಂಬುವ ಮೊದಲೇ ಹೆತ್ತವರು ಆರಂಭದಲ್ಲಿ ಕಡಿಮೆ ದುಡಿದರೂ, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆ ಗಳಿಕೆಯಲ್ಲಿ ಇನ್ನೊಂದು ಗುಂಪನ್ನು ಸರಿಗಟ್ಟಿದ್ದಲ್ಲದೆ ಮೀರಿಸಿಯೂ ಇದ್ದರು. ಅಷ್ಟು ಹೊತ್ತಿಗೆ ಆ ಇನ್ನೊಂದು ಗುಂಪಿನ ಅನೇಕರ ತೊಡೆಯ ಮೇಲೆ ಹಸುಗೂಸುಗಳಿದ್ದವು ಎಂಬುದನ್ನು ಮರೆಯುವಂತಿಲ್ಲ.

ಈ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಧೂಮಪಾನದಂಥ ಅಭ್ಯಾಸಗಳು ಗರ್ಭಸ್ರಾವದ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಅದು ಪೂರ್ತಿ ಆಕಸ್ಮಿಕವಲ್ಲ; ಹುಡುಗಿಯರು ಬೆಳೆದ ಊರುಕೇರಿಗಳ ಸ್ಥಿತಿಗತಿಯೂ ಒಂದೇ ಆಗಿರುವುದಿಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಜೇಸನ್ ಫ್ಲೆಚರ್ ಮತ್ತು ಬಾರ್ಬರಾ ವುಲ್ಫ್ 2009ರಲ್ಲಿ, ಹದಿಹರೆಯದ ಹೆರಿಗೆಯಿಂದ ಯೌವನದ ವಾರ್ಷಿಕ ಆದಾಯ 1,000ದಿಂದ 2,400 ಡಾಲರಿನಷ್ಟು ತಗ್ಗುತ್ತದೆಂದೂ, ಪ್ರೌಢಶಾಲೆಯ ಪ್ರಮಾಣಪತ್ರ ದೊರೆಯುವ ಸಾಧ್ಯತೆ ಶೇಕಡಾ 5ರಿಂದ 10 ಅಂಶಗಳಷ್ಟು ಇಳಿಯುತ್ತದೆಂದೂ ಅಂದಾಜಿಸಿದರು. ನಷ್ಟ ಇದೆ, ಆದರೆ ಹಿಂದೆ ಭಾವಿಸಿದಷ್ಟಿಲ್ಲ ಎಂಬ ನಿಲುವೇ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ.

ಈ ಅಂಕಿಗಳನ್ನು ಕರ್ನಾಟಕಕ್ಕೆ ಹಾಗೆಯೇ ಅನ್ವಯಿಸಲಾಗದು. ಅಮೆರಿಕದಲ್ಲಿ ಹದಿಹರೆಯದ ತಾಯಂದಿರಲ್ಲಿ ಹೆಚ್ಚಿನವರು ಅವಿವಾಹಿತರು. ಇಲ್ಲಿ ಮದುವೆ ಮೊದಲು, ಮಗು ಆಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇಕಡಾ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು.