ಮೂತ್ರಪಿಂಡದೊಡನೆ ಸಿಟ್ಟೂ ಬರುವುದೆ?

ವಡೋದರೆಯಲ್ಲಿರುವ ನಮ್ಮ ಸ್ನೇಹಿತರೊಬ್ಬರ ಮೂತ್ರಪಿಂಡಗಳೆರಡೂ ಕೆಟ್ಟುಹೋದವು. ತನ್ನದೊಂದನ್ನು ಕೊಡಲು ಧಾರವಾಡದಿಂದ ತಮ್ಮನೇ ಬಂದ. ತಾಯಿ ಮಾತ್ರ, "ಬ್ಯಾಡಪಾ, ಅವನ ಸಿಟ್ಟೂ ನಿನಗ ಬಂದೀತು" ಎಂದು ಪಟ್ಟು ಹಿಡಿದರು. ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆದಿದ್ದ ಮನೆಯಲ್ಲಿ ಅದು ನಕ್ಕು ಬಿಡುವ ಮಾತಾಗಿರಲಿಲ್ಲ.

ವಾಚಕರೆ, ಇಂಥ ಶಂಕೆ ಆ ತಾಯಿಯೊಬ್ಬರದೇ ಅಲ್ಲ. ಬದಲಿ ಹೃದಯ ಪಡೆದ 47 ಮಂದಿಯನ್ನು ವಿಯೆನ್ನಾ ನಗರದಲ್ಲಿ ವಿಚಾರಿಸಿ 1992ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 79 ಜನ ತಮ್ಮ ಸ್ವಭಾವ ಬದಲಾಗಿಲ್ಲವೆಂದರು. ಕೆಲವರು, ಸಾವಿನ ಬಾಗಿಲು ಕಂಡು ಬಂದುದರಿಂದ ಬದಲಾದೆವೆಂದರು. ಹೊಸ ಹೃದಯದಿಂದಲೇ ಬೇರೆಯಾದೆವೆಂದವರು ಮೂವರು. ಅವರು ಸುಳ್ಳಾಡಿದರೆಂದು ನಾವು ಹೇಳುವುದಿಲ್ಲ. ಆದರೆ ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಸ್ಟಿರಾಯ್ಡ್ ಮಾತ್ರೆಗಳು ಹಸಿವನ್ನು ಹೆಚ್ಚಿಸಬಲ್ಲವು, ನಿದ್ದೆಗೆಡಿಸಬಲ್ಲವು, ಸಿಡುಕನ್ನೂ ತರಬಲ್ಲವು. ಸ್ವಭಾವಕ್ಕೂ ನೆನಪಿಗೂ ನೆಲೆ ಮಿದುಳು. ಮೂತ್ರಪಿಂಡದ್ದು ರಕ್ತ ಸೋಸುವ ಕೆಲಸ. (ಕಾರ್ನಾಡರ 'ಹಯವದನ'ದಲ್ಲೂ ಕೊನೆಗೆ ಗೆಲ್ಲುವುದು ತಲೆಯೇ!)

ಇದನ್ನೆಲ್ಲ ತಾಯಿಯವರಿಗೆ ಬಿಡಿಸಿ ಹೇಳಿದೆವು. ಅವರನ್ನು ಒಪ್ಪಿಸಿದ್ದು ಮಾತ್ರ ತಮ್ಮನ ಒಂದೇ ಮಾತು: "ನನ್ನ ಸಿಟ್ಟು ನಿನ್ನಿಂದಲೇ ಬಂದದ್ದಲ್ಲೇನವ್ವಾ? ಅಣ್ಣಗ ಹೊಸದಾಗಿ ಏನು ಬರೂದದ?"

ಅಹಮದಾಬಾದಿನಲ್ಲಿ ಡಾ. ಎಚ್. ಎಲ್. ತ್ರಿವೇದಿಯವರು ಕಟ್ಟಿ ಬೆಳೆಸಿದ ಮೂತ್ರಪಿಂಡ ಸಂಸ್ಥೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಸ್ನೇಹಿತರು ಈಗ ಕಚೇರಿಗೆ ಬರುತ್ತಿದ್ದಾರೆ. ಒಮ್ಮೊಮ್ಮೆ ಅವರು ಸಿಡುಕಿದರೆ ತಾಯಿ ಧಾರವಾಡದ ಮಗನನ್ನು ನೆನೆಯುತ್ತಾರೆ. ನಾವು ಮಾತ್ರೆಯ ಡಬ್ಬಿಯತ್ತ ನೋಡುತ್ತೇವೆ.